ದೊರೆಯೇ ಗುರುವಾದಾಗ



ಕಳೆದ ವಾರ ಹಳೆಯ ಶಿಷ್ಯನೊಬ್ಬನು ದೂರವಾಣಿಯಲ್ಲಿ ಮಾತನಾಡುತ್ತ ಹೀಗೆಂದನು: "ಮೇಷ್ಟ್ರೇ, ಈ ಮತಪಂಡಿತರನ್ನು ಅವರ ಪಾಡಿಗೆ ಬಿಡಬಾರದು. ಅವರ ಧರ್ಮವೇನೆಂದು ಆಳುವವರೇ ಅವರಿಗೆ ಕಲಿಸಬೇಕು. ನೀವು ಪಾಠ ಮಾಡಿದ್ದಿರಲ್ಲ, ಖಲೀಫ ಮಾಮೂನ್, ಅಂಥವರು ಇನ್ನಿಬ್ಬರು ಇದ್ದಿದ್ದರೆ ಇಸ್ಲಾಮಿನ ಚರಿತ್ರೆಯೇ ಬೇರೆಯಾಗುತ್ತಿತ್ತು." ಆ ಹೆಸರನ್ನು ಅವನಿಗೆ ಹೇಳಿಕೊಟ್ಟವನು ನಾನೇ. ಆದುದರಿಂದ ಉತ್ತರ ಹೇಳುವ ಹೊಣೆಯೂ ನನ್ನದೇ.

813ರಿಂದ 833ರವರೆಗೆ ಆಳಿದ ಅಲ್-ಮಾಮೂನನನ್ನು ನಾನು ತರಗತಿಯಲ್ಲಿ ಮನಸಾರೆ ಹೊಗಳಿದ್ದೇನೆ. ಗ್ರೀಕ್ ಗ್ರಂಥಗಳು ಅರಬ್ಬಿಗೆ ಬಂದುದು, ಬಾಗ್ದಾದಿನ ಜ್ಞಾನಭವನವು ಬೆಳಗಿದುದು, ಅಲ್-ಖ್ವಾರಿಜ್ಮಿಯು ಬೀಜಗಣಿತದ ಗ್ರಂಥವನ್ನು ರಚಿಸಿದುದು, ಭೂಮಿಯ ಸುತ್ತಳತೆಯನ್ನು ಅಳೆಯಲು ವಿದ್ವಾಂಸರು ಬಯಲಿಗೆ ಹೊರಟುದು, ಇವೆಲ್ಲವೂ ನಿಜ. ಆದರೆ ಅದು ಅರ್ಧ ಪಾಠ. ಉಳಿದರ್ಧವನ್ನು ನಾನು ಹೇಳಲಿಲ್ಲ. ಈಗ ಹೇಳುತ್ತೇನೆ.

833ರಲ್ಲಿ, ತನ್ನ ಆಯುಷ್ಯದ ಕೊನೆಯ ವರ್ಷದಲ್ಲಿ, ಮಾಮೂನನು ಬಾಗ್ದಾದಿನ ಅಧಿಕಾರಿ ಇಸ್‌ಹಾಕ್ ಇಬ್ನ್ ಇಬ್ರಾಹೀಮನಿಗೆ ಕೆಲವು ಪತ್ರಗಳನ್ನು ಬರೆದನು. ಇತಿಹಾಸಕಾರ ತಬರಿಯ ಗ್ರಂಥದಲ್ಲಿ ಅವು ಉಳಿದು ಬಂದಿವೆ. ದೇವರ ಧರ್ಮವನ್ನು ಕಾಯುವ ಹೊಣೆ ಖಲೀಫನದು. ಕುರಾನ್ ಸೃಷ್ಟಿಯಾದುದೇ ಹೊರತು ದೇವರಂತೆ ಅನಾದಿಯಲ್ಲ. ಇದನ್ನು ಒಪ್ಪದ ಕಾಜಿಯು ನಂಬಿಕೆಗೆ ಅನರ್ಹನು. ಒಪ್ಪದವನ ಸಾಕ್ಷ್ಯವೂ ನ್ಯಾಯಸ್ಥಾನದಲ್ಲಿ ಸಲ್ಲದು. ಇದು ಆ ಪತ್ರಗಳ ಸಾರ. ಉತ್ತರವು ಮನಸ್ಸಿಗೆ ಬಾರದಿದ್ದಾಗ ಅವನು ಮತ್ತೊಂದು ಪತ್ರದಲ್ಲಿ ವಿದ್ವಾಂಸರ ಹೆಸರು ಹಿಡಿದು, ಇವನು ಧಾನ್ಯ ಕದ್ದವನು, ಇವನು ಬಡ್ಡಿ ತಿನ್ನುವವನು, ಇವನು ಅಜ್ಞಾನಿ ಎಂದು ಹಂಗಿಸಿದನು. ದೊರೆಯು ಧರ್ಮಬೋಧನೆಗೆ ಇಳಿದರೆ ಅದು ಬೈಗುಳದಲ್ಲಿ ಮುಗಿಯುವುದಕ್ಕೆ ಬಹಳ ಹೊತ್ತು ಬೇಕಾಗುವುದಿಲ್ಲ.

ಈ ವಿಚಾರಣೆಗೆ ಅರಬ್ಬಿಯಲ್ಲಿ 'ಮಿಹ್ನಾ' ಎಂದು ಹೆಸರು. ಎಂದರೆ ಪರೀಕ್ಷೆ. ನಾನೂ ವರ್ಷಗಟ್ಟಲೆ ಪರೀಕ್ಷೆ ನಡೆಸಿದವನು. ಆದುದರಿಂದ ಈ ಮಾತನ್ನು ಹೇಳುವ ಅಧಿಕಾರ ನನಗಿದೆ. ಉತ್ತರವು ಮೊದಲೇ ಗೊತ್ತುಮಾಡಲ್ಪಟ್ಟು, ತಪ್ಪಿದವನಿಗೆ ಸಂಕೋಲೆ ಕಾದಿದ್ದರೆ ಅದು ಪರೀಕ್ಷೆಯಲ್ಲ. ಬಹುಮಂದಿ ಭಯದಿಂದ ತಲೆಯಾಡಿಸಿದರು. ಕೊನೆಯವರೆಗೆ ಒಪ್ಪದೆ ನಿಂತವರು ಅಹ್ಮದ್ ಇಬ್ನ್ ಹಂಬಲ್ ಮತ್ತು ಮುಹಮ್ಮದ್ ಇಬ್ನ್ ನೂಹ್. ಇಬ್ಬರನ್ನೂ ಸಂಕೋಲೆ ತೊಡಿಸಿ ಖಲೀಫನಿದ್ದ ತಾರ್ಸಸಿನ ಕಡೆಗೆ ಕಳುಹಿಸಿದರು. ಅವರು ಮುಟ್ಟುವ ಮೊದಲೇ ಮಾಮೂನನು ತೀರಿಕೊಂಡನು. ಹಿಂದಿರುಗುವ ದಾರಿಯಲ್ಲಿ ಇಬ್ನ್ ನೂಹನೂ ಮಡಿದನು. ಮುಂದಿನ ಖಲೀಫ ಮುಅತಸಿಮನ ಕಾಲದಲ್ಲಿ ಅಹ್ಮದನಿಗೆ ಚಾವಟಿಯ ಏಟು ಬಿದ್ದಿತು. ಅವನು ಕೇಳಿದುದು ಇಷ್ಟೇ: ಕುರಾನಿನಿಂದಲೋ ಪ್ರವಾದಿಯ ನಡೆನುಡಿಯಿಂದಲೋ ನಿಮ್ಮ ಮಾತಿಗೆ ಆಧಾರ ತೋರಿಸಿರಿ. 846ರಲ್ಲಿ, ಖಲೀಫ ವಾಸಿಕನ ಆಳ್ವಿಕೆಯಲ್ಲಿ, ಅಹ್ಮದ್ ಇಬ್ನ್ ನಸ್ರ್ ಎಂಬುವನ ತಲೆಯೇ ಹೋಯಿತು.

ಇಲ್ಲಿ ನನ್ನ ಶಿಷ್ಯನು ಕೇಳಬಹುದು: "ಮಾಮೂನನು ವಿಚಾರವಾದಿಯಲ್ಲವೇ? ಎದುರಿಗಿದ್ದವರು ಸಂಪ್ರದಾಯಸ್ಥರಲ್ಲವೇ?" ಇರಬಹುದು. ಕುರಾನ್ ಸೃಷ್ಟಿಯೋ ಅನಾದಿಯೋ ಎಂಬ ವಾದದಲ್ಲಿ ತೀರ್ಪು ಕೊಡಲು ನಾನು ಯಾರು? ನನ್ನ ಆಕ್ಷೇಪಣೆ ಬೇರೆ. ವಿಚಾರವೆಂಬುದು ಪ್ರಶ್ನೆಯಿಂದ ಬದುಕುತ್ತದೆ. ಅದರ ಕೈಗೆ ಚಾವಟಿ ಕೊಟ್ಟ ದಿನವೇ ಅದು ಸಾಯುತ್ತದೆ. ಮಾಮೂನನ ಪಕ್ಷಕ್ಕೆ ಆದುದೂ ಅದೇ. ಮುತವಕ್ಕಿಲನು ಖಲೀಫನಾಗಿ ಈ ವಿಚಾರಣೆಯನ್ನು ನಿಲ್ಲಿಸಿದಾಗ ಜನರು ಎತ್ತಿಹಿಡಿದುದು ಏಟು ತಿಂದ ಅಹ್ಮದನನ್ನು. ಅರಮನೆಯ ಬಲ ನೆಚ್ಚಿದ್ದ ಮುಅತಜಿಲಾ ವಿಚಾರವಾದಿಗಳು ಆ ಕಳಂಕವನ್ನು ಸುಲಭವಾಗಿ ತೊಳೆದುಕೊಳ್ಳಲಾಗಲಿಲ್ಲ.

ಇನ್ನೊಂದು ಪಕ್ಷವನ್ನು ನಾನು ಹೊಗಳುತ್ತಿದ್ದೇನೆಂದು ತಿಳಿಯಬೇಡಿರಿ. ಮುತವಕ್ಕಿಲನೂ ಆ ವಿಷಯದ ಚರ್ಚೆಯನ್ನೇ ನಿಷೇಧಿಸಿದನು. ಬದಲಾದುದು ಆಜ್ಞೆಯ ದಿಕ್ಕು ಮಾತ್ರ. ಮುಂದೆ ಅಹ್ಮದನ ಅನುಯಾಯಿಗಳೇ ಗುಂಪುಗೂಡಿ, 923ರಲ್ಲಿ ತೀರಿಕೊಂಡ ಆ ವೃದ್ಧ ತಬರಿಯನ್ನೇ ಕಾಡಿದರು. ಬಲವು ಯಾರ ಕೈಸೇರಿದರೂ ಅದರ ಗುಣ ಒಂದೇ.

ಹಾಗಾದರೆ ಇಸ್ಲಾಮಿನಲ್ಲಿ ದೊರೆಗೂ ವಿದ್ವಾಂಸನಿಗೂ ಇರಬೇಕಾದ ಸಂಬಂಧ ಯಾವುದು? ಒಳ್ಳೆಯದನ್ನು ವಿಧಿಸಬೇಕು, ಕೆಡುಕನ್ನು ತಡೆಯಬೇಕು ಎಂಬುದು ಆ ಧರ್ಮದ ದೊಡ್ಡ ಕಟ್ಟಳೆ. ಆ ಕಟ್ಟಳೆಯು ದೊರೆಯನ್ನು ಹೊರಗಿಟ್ಟಿಲ್ಲ. ಮಾಮೂನನ ತಂದೆ ಹಾರೂನ್ ರಶೀದನು ಕಂದಾಯದ ವಿಷಯದಲ್ಲಿ ಸಲಹೆ ಕೇಳಿದಾಗ ಕಾಜಿ ಅಬು ಯೂಸುಫನು 'ಕಿತಾಬುಲ್ ಖರಾಜ್' ಎಂಬ ಗ್ರಂಥವನ್ನೇ ಬರೆದನು. ತೆರಿಗೆಗಾಗಿ ಜನರನ್ನು ಹೊಡೆಯಬಾರದು, ಬಿಸಿಲಿನಲ್ಲಿ ನಿಲ್ಲಿಸಬಾರದು ಎಂದು ಅದರಲ್ಲಿ ದೊರೆಗೇ ಬುದ್ಧಿ ಹೇಳಿದನು. ಅವನ ಗುರು ಅಬು ಹನೀಫನು ಖಲೀಫ ಮನ್ಸೂರನು ಕೊಟ್ಟ ನ್ಯಾಯಾಧೀಶ ಪದವಿಯನ್ನು ನಿರಾಕರಿಸಿ ಸೆರೆಮನೆ ಕಂಡನೆಂದು ಪರಂಪರೆ ಹೇಳುತ್ತದೆ. ಒಬ್ಬನು ದೊರೆಯ ಬಳಿ ನಿಂತು ಎಚ್ಚರಿಸಿದನು. ಇನ್ನೊಬ್ಬನು ದೂರ ನಿಂತು ಎಚ್ಚರಿಸಿದನು. ಬುದ್ಧಿವಾದವು ಹರಿದುದು ಗುರುವಿನಿಂದ ದೊರೆಯ ಕಡೆಗೆ. ಮಾಮೂನನು ಆ ಹೊಳೆಯನ್ನು ಹಿಂದಕ್ಕೆ ತಿರುಗಿಸಲು ಹೋದನು.

ಪಂಡಿತರು ತಪ್ಪು ಮಾಡುವುದಿಲ್ಲವೇ? ಧಾರಾಳವಾಗಿ ಮಾಡುತ್ತಾರೆ. ಅವರು ಕಳ್ಳತನ ಮಾಡಿದರೆ, ಹಿಂಸೆಗೆ ಪ್ರಚೋದಿಸಿದರೆ, ಎಲ್ಲರಿಗೂ ಇರುವ ಕಾನೂನು ಅವರಿಗೂ ಇದೆ. ಅವರ ಅರ್ಥವಿವರಣೆ ತಪ್ಪಾದರೆ ಅದಕ್ಕೆ ಇನ್ನೊಬ್ಬ ಪಂಡಿತನ ಲೇಖನಿಯಿದೆ, ಪ್ರಶ್ನಿಸುವ ಶಿಷ್ಯನಿದ್ದಾನೆ. ಅರಮನೆಯ ಪತ್ರದಿಂದ ತಿದ್ದಲ್ಪಟ್ಟ ವಿದ್ವಾಂಸನು ಆ ಬಳಿಕ ದೊರೆಯ ತಪ್ಪನ್ನು ತಿದ್ದಲಾರನು. ಹಾಗಾದರೆ ನಾಳೆ ಪ್ರಜೆಯ ಪರವಾಗಿ ಆ ಬಾಗಿಲಲ್ಲಿ ನಿಂತು ಮಾತನಾಡುವವರಾರು?

ಮಕ್ಕಳೇ, ಆ ಜ್ಞಾನಭವನದ ಪಾಠವನ್ನು ಮರೆಯಬೇಡಿರಿ; ಅದು ಸುಳ್ಳಲ್ಲ. ಅದರ ಪಕ್ಕದಲ್ಲಿ ಆ ಚಾವಟಿಯನ್ನೂ ಬರೆದಿಟ್ಟುಕೊಳ್ಳಿರಿ. ಫೋನು ಮಾಡಿದ ಶಿಷ್ಯನು ಇದನ್ನು ಓದಿ ಒಪ್ಪದಿದ್ದರೆ ಜಗಳಕ್ಕೆ ಬರಲಿ. ಅವನ ಮೇಷ್ಟ್ರಿಗೆ ಅದಕ್ಕಿಂತ ಸಂತೋಷ ಬೇರೆ ಇಲ್ಲ.

ಇಂತು, ನಿಮ್ಮ ಮೇಷ್ಟ್ರು