ತಾಳಿಕೋಟೆ ಯುದ್ಧ ಬರೀ ಧರ್ಮಯುದ್ಧವೇ? ಮೈತ್ರಿಗಳು ಯುದ್ಧಕ್ಕೆ ದಾರಿಯಾಗುವುದು ಹೇಗೆ

ಮಾನ್ವಿ ತಾಲೂಕಿನ ಕುರ್ಡಿ ಇರುವುದು ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಎಡೆದೊರೆ ನಾಡಿನಲ್ಲಿ. ಫಲವತ್ತಾದ ಈ ನೆಲಕ್ಕಾಗಿ, ರಾಯಚೂರು ಮತ್ತು ಮುದಗಲ್ ಕೋಟೆಗಳಿಗಾಗಿ ಬಹಮನಿ ಮತ್ತು ವಿಜಯನಗರದ ಅರಸರು ತಲೆಮಾರುಗಳ ಕಾಲ ಕಾದಾಡಿದರು. ಬಹಮನಿ ರಾಜ್ಯ ಒಡೆದ ಮೇಲೆ ಆ ಜಗಳ ಬಿಜಾಪುರದ ಪಾಲಿಗೆ ಬಂತು. 1520ರಲ್ಲಿ ಕೃಷ್ಣದೇವರಾಯ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿ ರಾಯಚೂರು ಕೋಟೆಯನ್ನು ಗೆದ್ದ.

1565ರ ತಾಳಿಕೋಟೆ ಯುದ್ಧವನ್ನು ಎರಡು ಧರ್ಮಗಳ ನಡುವಿನ ಕದನವೆಂದೇ ನಮ್ಮಲ್ಲಿ ಹಲವರು ನಂಬಿದ್ದೇವೆ. ಆದರೆ ಅದರ ಹಿಂದಿನ ಮೈತ್ರಿಗಳು ಬೇರೆಯೇ ಕಥೆ ಹೇಳುತ್ತವೆ. 1543ರಲ್ಲಿ ವಿಜಯನಗರದ ರಾಮರಾಯ ಅಹ್ಮದ್‌ನಗರ ಮತ್ತು ಗೋಲ್ಕೊಂಡದ ಜೊತೆ ಸೇರಿ ಬಿಜಾಪುರದ ವಿರುದ್ಧ ನಿಂತ. 1558ರ ಹೊತ್ತಿಗೆ ಅದೇ ಬಿಜಾಪುರದ ಜೊತೆಗೂಡಿ ಅಹ್ಮದ್‌ನಗರದ ಮೇಲೆ ಏರಿಹೋದ. ಮುಂದೆ ಅವನ ವಿರುದ್ಧ ನಿಂತ ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಾಹ, ಪಟ್ಟಕ್ಕೇರುವ ಮೊದಲು ವಿಜಯನಗರದಲ್ಲೇ ಆಶ್ರಯ ಪಡೆದಿದ್ದವನು. ವಿಜಯನಗರದ ಸೇನೆಯಲ್ಲಿ ಮುಸ್ಲಿಂ ದಳಪತಿಗಳಿದ್ದರು. ಸುಲ್ತಾನರ ಸೇನೆಗಳಲ್ಲಿ ಮರಾಠರಿದ್ದರು.

ಹಾಗಾದರೆ ಒಬ್ಬರಿಗೊಬ್ಬರು ಆಗದ ಸುಲ್ತಾನರು ಒಂದಾದದ್ದೇಕೆ? ಭಯದಿಂದ. ಪ್ರತಿ ಜಗಳದಲ್ಲೂ ಅವರು ಸೊರಗುತ್ತಿದ್ದರು, ವಿಜಯನಗರ ಬಲಿಯುತ್ತಿತ್ತು. ಕೊನೆಗೆ ಅಹ್ಮದ್‌ನಗರದ ಚಾಂದ್ ಬೀಬಿಯನ್ನು ಬಿಜಾಪುರದ ಅಲಿ ಆದಿಲ್ ಶಾಹನಿಗೆ ಮದುವೆ ಮಾಡಿಕೊಟ್ಟು ಹಳೆಯ ಹಗೆಯನ್ನು ಬದಿಗಿಟ್ಟರು. ಧರ್ಮದ ಮಾತು ಕೂಟವನ್ನು ಬಿಗಿಮಾಡಲು ನೆರವಾಗಿರಬಹುದು, ಆದರೆ ಕೂಟ ಕಟ್ಟಿಸಿದ್ದು ಬಲದ ಲೆಕ್ಕಾಚಾರ.

ಇಲ್ಲಿ ನಾವು ಗಮನಿಸಬೇಕಾದದ್ದು ಒಂದಿದೆ. ಒಬ್ಬರು ತಮ್ಮ ರಕ್ಷಣೆಗೆಂದು ಮಾಡಿಕೊಂಡ ಮೈತ್ರಿ ಎದುರಿನವರಿಗೆ ದಾಳಿಯ ಸಿದ್ಧತೆಯಂತೆ ಕಾಣುತ್ತದೆ. ಅವರೂ ಕೂಟ ಕಟ್ಟುತ್ತಾರೆ. ಆಮೇಲೆ ಇಬ್ಬರ ನಡುವಿನ ಜಗಳ ಎಲ್ಲರ ಜಗಳವಾಗುತ್ತದೆ. 1914ರ ಜುಲೈ 28ರಂದು ಆಸ್ಟ್ರಿಯಾ-ಹಂಗೇರಿ ಪುಟ್ಟ ಸರ್ಬಿಯಾದ ಮೇಲೆ ಯುದ್ಧ ಸಾರಿತು. ಒಂದೇ ವಾರದಲ್ಲಿ ರಷ್ಯಾ, ಜರ್ಮನಿ, ಫ್ರಾನ್ಸ್, ಬ್ರಿಟನ್ ಎಲ್ಲವೂ ಕಣಕ್ಕಿಳಿದಿದ್ದವು.

ಭಯ ಕಟ್ಟಿದ ಕೂಟ ಭಯ ಹೋದೊಡನೆ ಸಡಿಲವಾಗುತ್ತದೆ. ರಾಮರಾಯ ಹತನಾದ, ಹಂಪಿ ಹಾಳಾಯಿತು, ಎಡೆದೊರೆ ಬಿಜಾಪುರಕ್ಕೆ ಸೇರಿತು. ಗೆದ್ದವರು ಮತ್ತೆ ತಮ್ಮತಮ್ಮಲ್ಲೇ ಕಾದಾಡಿದರು. 1686ರಲ್ಲಿ ಬಿಜಾಪುರ, 1687ರಲ್ಲಿ ಗೋಲ್ಕೊಂಡ ಮೊಘಲರ ವಶವಾದವು. ಹಾಗಾಗಿ ಎರಡು ದೇಶಗಳು ಕೈಕುಲುಕಿದ ಸುದ್ದಿ ಓದುವಾಗ, ಅವರ ನಡುವಿನ ಸ್ನೇಹ ಎಷ್ಟು ಎಂಬುದಕ್ಕಿಂತ ಅವರಿಬ್ಬರೂ ಯಾರಿಗೆ ಹೆದರಿದ್ದಾರೆ ಎಂದು ಕೇಳಿಕೊಳ್ಳುವುದು ಒಳ್ಳೆಯದು.