ಬರ್ಲಿನ್ ನೋಡಲು ಪಾಸ್ ಬೇಕೇ?

ಎಂಎಸ್ ಮಾಡಲು ಜರ್ಮನಿಗೆ ಹೋದ ನಮ್ಮ ಸೀನಿಯರ್‌ಗಳು ಓದುವುದು ಯಾವ ಊರಿನಲ್ಲೇ ಆಗಿರಲಿ, ರಜೆ ಸಿಕ್ಕರೆ ಎರಡು ದಿನ ಬರ್ಲಿನ್‌ಗೆ ಹೋಗಿ ಬರುತ್ತಾರೆ. ಹೊರಡುವ ಮುಂಚೆ ಕೇಳುವ ಮೊದಲ ಪ್ರಶ್ನೆ, ಪ್ರವಾಸಿಗರ ಪಾಸ್ ತೆಗೆದುಕೊಳ್ಳಬೇಕೇ ಬೇಡವೇ ಎಂಬುದು. ವಿದ್ಯಾರ್ಥಿಗಳಿಗೆ ಅದು ಹೆಚ್ಚಾಗಿ ಬೇಡ ಎಂಬುದೇ ನನ್ನ ವಾದ.

ಅಲ್ಲಿ ಹೆಚ್ಚು ಪ್ರಚಾರದಲ್ಲಿರುವುದು ‘ಬರ್ಲಿನ್ ವೆಲ್‌ಕಮ್ ಕಾರ್ಡ್’. 48 ಗಂಟೆಯಿಂದ 6 ದಿನಗಳವರೆಗೆ ಸಿಗುತ್ತದೆ. ಬಸ್, ಟ್ರಾಮ್, ಮೆಟ್ರೊ, ಲೋಕಲ್ ರೈಲಿನ ಓಡಾಟ ಇದರಲ್ಲೇ ಸೇರಿದೆ. ಜತೆಗೆ ಮ್ಯೂಸಿಯಂ, ದೋಣಿ ವಿಹಾರಗಳಲ್ಲಿ ರಿಯಾಯಿತಿ. ಈ ‘ರಿಯಾಯಿತಿ’ಯನ್ನು ಹಲವರು ‘ಉಚಿತ’ ಎಂದು ಓದಿಕೊಳ್ಳುತ್ತಾರೆ. ಅದು ಸಾಮಾನ್ಯವಾಗಿ ಪೂರ್ತಿ ದರದ ಮೇಲೆ ಸಿಗುವ ಕಡಿತ. ಬರ್ಲಿನ್‌ನ ಸರ್ಕಾರಿ ಮ್ಯೂಸಿಯಂಗಳಲ್ಲಿ ವಿದ್ಯಾರ್ಥಿ ಗುರುತಿನ ಚೀಟಿ ತೋರಿಸಿದರೆ ಹೇಗೂ ಅರ್ಧ ದರ. ಹಾಗಾದರೆ ಕಾರ್ಡಿನಲ್ಲಿ ನಮಗೆ ಉಳಿಯುವುದು ಬಸ್ ಚಾರ್ಜ್ ಮಾತ್ರ.

ಅದನ್ನೂ ಲೆಕ್ಕ ಹಾಕೋಣ. 2025ರ ದರದಂತೆ ನಗರದೊಳಗೆ ಒಂದು ಪ್ರಯಾಣಕ್ಕೆ 3.80 ಯೂರೊ, 24 ಗಂಟೆಯ ಟಿಕೆಟ್‌ಗೆ 10.60 ಯೂರೊ. ದಿನಕ್ಕೆ ಮೂರು ಸಲ ಹತ್ತಿಳಿಯುವುದಾದರೆ ಮಾತ್ರ ದಿನದ ಟಿಕೆಟ್ ಲಾಭ. ಬ್ರಾಂಡೆನ್‌ಬರ್ಗ್ ಗೇಟ್‌ನಿಂದ ಮ್ಯೂಸಿಯಂ ದ್ವೀಪಕ್ಕೆ ನಡೆದೇ ಹೋಗಬಹುದು. ಜರ್ಮನಿಯಲ್ಲೇ ಓದುತ್ತಿರುವವರಿಗಂತೂ ಈ ಲೆಕ್ಕವೂ ಬೇಕಿಲ್ಲ. ದೇಶದ ಎಲ್ಲ ಊರುಗಳ ಸ್ಥಳೀಯ ಸಾರಿಗೆಗೆ ನಡೆಯುವ ‘ಡಾಯ್ಚ್‌ಲಾಂಡ್ ಟಿಕೆಟ್’ ಇದೆ. ಅನೇಕ ವಿಶ್ವವಿದ್ಯಾಲಯಗಳು ಇದನ್ನು ಶೇ 60ರ ದರದಲ್ಲಿ ಸೆಮಿಸ್ಟರ್ ಶುಲ್ಕದ ಜತೆಗೇ ಕೊಡುತ್ತವೆ. ಅದು ಬರ್ಲಿನ್‌ನಲ್ಲೂ ನಡೆಯುತ್ತದೆ.

ನೋಡಲೇಬೇಕಾದ ಬರ್ಲಿನ್ ಬಹುಪಾಲು ಬಿಟ್ಟಿ. ಸಂಸತ್ ಭವನದ ಮೇಲಿನ ಗಾಜಿನ ಗುಮ್ಮಟಕ್ಕೆ ಹಣ ಇಲ್ಲ; ಮೊದಲೇ ಹೆಸರು ನೋಂದಾಯಿಸಿ ಪಾಸ್‌ಪೋರ್ಟ್ ಒಯ್ಯಬೇಕು, ಅಷ್ಟೇ. ಚಿತ್ರ ಬರೆದ 1.3 ಕಿ.ಮೀ. ಉದ್ದದ ಗೋಡೆ, ಬೆರ್ನಾವರ್ ಸ್ಟ್ರಾಸೆಯ ಗೋಡೆ ಸ್ಮಾರಕ, ಹತ್ಯೆಯಾದ ಯಹೂದಿಗಳ ನೆನಪಿಗೆ ನಿಲ್ಲಿಸಿದ 2,711 ಕಾಂಕ್ರೀಟ್ ಕಂಬಗಳು, ಎಲ್ಲಿಯೂ ಟಿಕೆಟ್ ಇಲ್ಲ. ನಾಜಿಗಳ ಗುಪ್ತ ಪೊಲೀಸರ ಕಚೇರಿ ಇದ್ದ ಜಾಗದಲ್ಲೇ ‘ಟೊಪೊಗ್ರಫಿ ಆಫ್ ಟೆರರ್’ ಎಂಬ ಪ್ರದರ್ಶನ ಇದೆ, ಅದೂ ಉಚಿತ. ಕೈಯಲ್ಲಿ ಕಾಸಿಲ್ಲ ಎಂಬ ಕಾರಣಕ್ಕೆ ತನ್ನ ಅಪರಾಧದ ಕಥೆ ಯಾರಿಗೂ ತಪ್ಪಬಾರದು ಎಂದು ಒಂದು ದೇಶ ಬಾಗಿಲು ತೆರೆದಿಟ್ಟಿರುವುದು ನನಗೆ ಎಲ್ಲ ಪಾಸ್‌ಗಳಿಗಿಂತ ದೊಡ್ಡದಾಗಿ ಕಾಣುತ್ತದೆ. ಎಲ್ಲರೂ ಸೆಲ್ಫಿ ತೆಗೆದುಕೊಳ್ಳುವ ಚೆಕ್‌ಪಾಯಿಂಟ್ ಚಾರ್ಲಿಯ ಕಾವಲು ಗೂಡು ನಕಲಿ! ಅಸಲಿ ಇರುವುದು ಊರ ಹೊರವಲಯದ ಅಲೈಡ್ ಮ್ಯೂಸಿಯಂನಲ್ಲಿ. ಅಲ್ಲಿಗೂ ಪ್ರವೇಶ ಉಚಿತ.

ಸುತ್ತಾಡಿಸುವ ಪ್ರವಾಸಿ ಬಸ್ಸೂ ಬೇಡ. ಗೋಡೆ ಬಿದ್ದ ಮರುವರ್ಷ, 1990ರಲ್ಲಿ, ಪೂರ್ವ–ಪಶ್ಚಿಮಗಳನ್ನು ಜೋಡಿಸಿದ 100 ನಂಬರಿನ ಸಿಟಿ ಬಸ್ ಇಂದಿಗೂ ಜೂ ನಿಲ್ದಾಣದಿಂದ ಅಲೆಕ್ಸಾಂಡರ್‌ಪ್ಲಾಟ್ಸ್‌ಗೆ ಓಡುತ್ತದೆ. ಮುಖ್ಯ ಜಾಗಗಳೆಲ್ಲ ಅದರ ದಾರಿಯಲ್ಲೇ ಇವೆ. ಡಬಲ್ ಡೆಕರ್ ಬಂದರೆ ಮೇಲೆ ಮುಂದಿನ ಸೀಟು ಹಿಡಿಯಿರಿ.

ಮ್ಯೂಸಿಯಂ ಹುಚ್ಚು ಇರುವವರ ಮಾತು ಬೇರೆ. 30ಕ್ಕೂ ಹೆಚ್ಚು ಮ್ಯೂಸಿಯಂಗಳಿಗೆ ಸತತ 3 ದಿನ ನಡೆಯುವ ಪ್ರತ್ಯೇಕ ಮ್ಯೂಸಿಯಂ ಪಾಸ್ ಇದೆ. ವಿದ್ಯಾರ್ಥಿಗಳಿಗೆ ಅದೂ ಅರ್ಧ ದರ, ಖಂಡಿತ ತೆಗೆದುಕೊಳ್ಳಿ. ಆದರೆ ಅನೇಕ ಮ್ಯೂಸಿಯಂಗಳಿಗೆ ಸೋಮವಾರ ರಜೆ. ಶನಿವಾರ ಶುರು ಮಾಡಿದರೆ ಒಂದು ದಿನ ದಂಡ. ಬ್ಯಾಬಿಲೋನಿನ ಇಶ್ತಾರ್ ದ್ವಾರ ಇರುವ ಪೆರ್ಗಮಾನ್ ಮ್ಯೂಸಿಯಂ ದುರಸ್ತಿಗೆಂದು 2023ರ ಅಕ್ಟೋಬರ್‌ನಲ್ಲಿ ಪೂರ್ತಿ ಮುಚ್ಚಿತು. ತೆರೆದಿದೆಯೇ ಎಂದು ನೋಡಿಕೊಂಡೇ ಹೊರಡಿ.

ಬೇಸರದ ಸಂಗತಿಯೂ ಒಂದಿದೆ. 2021ರಿಂದ ತಿಂಗಳ ಮೊದಲ ಭಾನುವಾರ ಬರ್ಲಿನ್‌ನ ಹಲವಾರು ಮ್ಯೂಸಿಯಂಗಳು ಎಲ್ಲರಿಗೂ ಉಚಿತವಾಗಿದ್ದವು. ಬಜೆಟ್ ಕಡಿತದ ನೆಪದಲ್ಲಿ 2024ರ ಕೊನೆಗೆ ಅದನ್ನು ನಿಲ್ಲಿಸಿದರು. ಇದರಿಂದ ಪಾಸ್ ಕೊಳ್ಳುವ ಪ್ರವಾಸಿಗೆ ನಷ್ಟವಿಲ್ಲ. ಮಕ್ಕಳನ್ನು ಕರೆದುಕೊಂಡು ಬರುತ್ತಿದ್ದ ಅಲ್ಲಿನ ದುಡಿಯುವ ಅಪ್ಪ–ಅಮ್ಮಂದಿರಿಗೆ, ಪಾರ್ಟ್ ಟೈಮ್ ಕೆಲಸ ಮಾಡಿ ಓದುವ ಹುಡುಗ–ಹುಡುಗಿಯರಿಗೆ ನಷ್ಟ. ಉಳಿತಾಯ ಮಾಡಲು ಬೇರೆ ಬಾಬತ್ತು ಹುಡುಕಬಹುದಿತ್ತು.

ಕೊನೆಗೊಂದು ಮಾತು. ನಮ್ಮ ಮೆಟ್ರೊದಂತೆ ಅಲ್ಲಿ ತಡೆಯುವ ಗೇಟುಗಳಿಲ್ಲ. ಕಾಗದದ ಟಿಕೆಟ್ ಕೊಂಡರೆ ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಮುದ್ರೆ ಒತ್ತಿಸಿಕೊಂಡೇ ಹತ್ತಬೇಕು. ಮುದ್ರೆ ಇಲ್ಲದ ಟಿಕೆಟ್ ಕೈಯಲ್ಲಿದ್ದರೂ ತಪಾಸಣೆಯವರು 60 ಯೂರೊ ದಂಡ ಹಾಕುತ್ತಾರೆ.