ಔಷಧ ವಿದ್ಯೆಯ ಬಾಗಿಲು ಮತ್ತು ನಮ್ಮ ರಾತ್ರಿ ಶಾಲೆ

ಪರೀಕ್ಷೆಗಳ ಫಲಿತಾಂಶ ಹೊರಬೀಳುವ ದಿನಗಳಲ್ಲಿ ಮಗರಪಟ್ಟಾ, ಹಡಪಸರದ ಕಡೆಯ ಹೋಟೆಲುಗಳಲ್ಲಿಯೂ ಅಲ್ಲಿಯ ಕಚೇರಿಗಳ ಕ್ಯಾಂಟೀನುಗಳಲ್ಲಿಯೂ ದುಡಿಯುವ ನಮ್ಮ ಬಾಂಧವರಿಂದ ಒಂದು ಪ್ರಶ್ನೆ ಪದೇ ಪದೇ ಕೇಳಿಬರುತ್ತದೆ. ಮಗನನ್ನೋ ಮಗಳನ್ನೋ ಫಾರ್ಮಸಿ ಓದಿಸಬೇಕೆಂಬ ಆಸೆ. ಕ್ರೈಸ್ತ ವಿದ್ಯಾಸಂಸ್ಥೆಗಳಲ್ಲಿ ಶಿಸ್ತು ಚೆನ್ನಾಗಿರುತ್ತದೆಂಬ ನಂಬಿಕೆ. ಅಲ್ಲಿ ಇತರರ ಮಕ್ಕಳಿಗೆ ಸ್ಥಾನ ದೊರೆಯುವುದೇ, ದೊರೆತರೂ ಆ ವಿಶ್ವವಿದ್ಯಾನಿಲಯದ ಪದವಿಯಿಂದ ಹೊಟ್ಟೆ ತುಂಬುವುದೇ ಎಂಬ ಅಳುಕು. ಪ್ರಶ್ನೆ ಸಣ್ಣದಲ್ಲ. ಸಾಲ ಮಾಡಿ ಎರಡು ವರ್ಷವೋ ನಾಲ್ಕು ವರ್ಷವೋ ಓದಿಸಿದ ಬಳಿಕ ಕೈಗೆ ಬಂದ ಕಾಗದಕ್ಕೆ ಬೆಲೆಯಿಲ್ಲವೆಂದು ತಿಳಿಯುವುದು ಒಂದು ಸಂಸಾರವೇ ಮುಳುಗುವ ಮಾತು.

ಶಿಲುಬೆಯ ನೆರಳಿನಲ್ಲಿ ನಡೆಯುವ ಸಂಸ್ಥೆಯೆಂಬುದು ಈ ವಿಷಯದಲ್ಲಿ ಗುಣವೂ ಅಲ್ಲ, ದೋಷವೂ ಅಲ್ಲ. ಆಧುನಿಕ ಔಷಧಗಳನ್ನು ಕೊಡುವ ವೃತ್ತಿಗೆ ನಮ್ಮ ದೇಶದಲ್ಲಿ ಇರುವುದು ಒಂದೇ ಬಾಗಿಲು. ಅದರ ಬೀಗದ ಕೈ 1948ರ ಫಾರ್ಮಸಿ ಕಾಯಿದೆಯಲ್ಲಿದೆ. ಆ ಕಾಯಿದೆಯ 12ನೆಯ ಕಲಮಿನಂತೆ ಭಾರತೀಯ ಫಾರ್ಮಸಿ ಪರಿಷತ್ತು ಯಾವ ವಿದ್ಯಾಲಯದ ವ್ಯಾಸಂಗಕ್ಕೂ ಪರೀಕ್ಷೆಗೂ ಮಂಜೂರಾತಿ ಕೊಟ್ಟಿದೆಯೋ ಅಲ್ಲಿ ಓದಿದವನ ಹೆಸರು ಮಾತ್ರ ರಾಜ್ಯದ ಫಾರ್ಮಸಿಸ್ಟರ ದಾಖಲೆಯಲ್ಲಿ ಸೇರಬಲ್ಲುದು. ಹೆಸರು ಸೇರದವನು ವೈದ್ಯರ ಚೀಟಿಯ ಮೇಲೆ ಔಷಧ ಬೆರೆಸಿ ಕೊಡುವಂತಿಲ್ಲವೆಂದು 42ನೆಯ ಕಲಮು ಹೇಳುತ್ತದೆ. ವಿಶ್ವವಿದ್ಯಾನಿಲಯವು ಎಷ್ಟೇ ಹಳೆಯದಾಗಿರಲಿ, ಅದರ ಕಟ್ಟಡ ಎಷ್ಟೇ ಭವ್ಯವಾಗಿರಲಿ, ಈ ಮಂಜೂರಾತಿ ಇಲ್ಲದಿದ್ದರೆ ಅಲ್ಲಿಯ ಫಾರ್ಮಸಿ ಪದವಿ ಗೋಡೆಗೆ ತೂಗುಹಾಕುವುದಕ್ಕಷ್ಟೇ ಬರುವುದು. ಆದುದರಿಂದ ಶುಲ್ಕದ ಮೊದಲ ಕಂತನ್ನು ಕಟ್ಟುವ ಮುನ್ನ ಪಾಲಕರು ಕೇಳಬೇಕಾದ ಪ್ರಶ್ನೆ, "ಈ ವರ್ಷದ ಪ್ರವೇಶಕ್ಕೆ ಪರಿಷತ್ತಿನ ಮಂಜೂರಾತಿ ಇದೆಯೇ, ಎಷ್ಟು ಸ್ಥಾನಗಳಿಗೆ ಇದೆ?" ಎಂಬುದು. ಉತ್ತರವನ್ನು ಬಾಯಿಮಾತಿನಲ್ಲಿ ಪಡೆಯದೆ ಕಾಗದದಲ್ಲಿ ಪಡೆಯತಕ್ಕದ್ದು. ಗಲ್ಲೆಯ ಮೇಲೆ ವರ್ಷಗಟ್ಟಲೆ ಕುಳಿತ ನಮಗೆ ಬಾಯಿಮಾತಿನ ಲೆಕ್ಕದ ಬೆಲೆ ಏನೆಂದು ತಿಳಿದಿದೆ.

ವ್ಯಾಸಂಗದ ಕ್ರಮವನ್ನೂ ಅರಿತಿರಬೇಕು. ಡಿಪ್ಲೊಮಾ ಎರಡು ವರ್ಷದ್ದು. ಅದರ ಮೇಲೆ ಆಸ್ಪತ್ರೆಯಲ್ಲಿಯೋ ಮದ್ದಿನ ಅಂಗಡಿಯಲ್ಲಿಯೋ 500 ಗಂಟೆಗಳ ತರಬೇತಿ. ಬಿ.ಫಾರ್ಮ್ ನಾಲ್ಕು ವರ್ಷದ್ದು. ಡಿಪ್ಲೊಮಾ ಮುಗಿಸಿದವನು ಅದರ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. 2008ರಲ್ಲಿ ಬಂದ ಫಾರ್ಮ್.ಡಿ. ಆರು ವರ್ಷದ್ದು, ಅದು ಉಳ್ಳವರ ಮಾತು. ಡಿಪ್ಲೊಮಾ ಮಾಡಿದವರಿಗೆ ನೋಂದಣಿಗೆ ಮುಂಚೆ ಇನ್ನೊಂದು ಪರೀಕ್ಷೆಯನ್ನು ಪರಿಷತ್ತು 2022ರ ನಿಯಮಾವಳಿಯಿಂದ ಗೊತ್ತುಪಡಿಸಿತು. 2024ರಲ್ಲಿ ಅದು ಮೊದಲ ಸಲ ನಡೆಯಿತು. ಓದದೆ ಪ್ರಮಾಣಪತ್ರ ಕೊಳ್ಳುವ ಕೆಟ್ಟ ಚಾಳಿಗೆ ಇದರಿಂದ ತಡೆ ಬಿದ್ದರೆ ನಾವು ಸಂತೋಷಪಡುವವರೇ. ತನ್ನ ಪ್ರಮಾಣಪತ್ರವನ್ನು ಅಂಗಡಿಯವನಿಗೆ ಬಾಡಿಗೆಗೆ ಕೊಟ್ಟು ತಾನು ಬೇರೆಲ್ಲಿಯೋ ಕೆಲಸ ಮಾಡುವ ಫಾರ್ಮಸಿಸ್ಟನು ರೋಗಿಯ ಪ್ರಾಣದೊಡನೆ ಆಟವಾಡುತ್ತಾನೆ. ನಮ್ಮ ಹುಡುಗರು ಆ ಹಣದ ಆಸೆಗೆ ಬೀಳಬಾರದು.

ಇನ್ನು ಸ್ಥಾನದ ವಿಚಾರ. ಸಂವಿಧಾನದ 30ನೆಯ ವಿಧಿಯು ಧರ್ಮದಿಂದಾಗಲಿ ಭಾಷೆಯಿಂದಾಗಲಿ ಅಲ್ಪಸಂಖ್ಯಾತರಾದವರಿಗೆ ತಮ್ಮ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿದೆ. ಈ ಹಕ್ಕಿನ ಅರ್ಥವನ್ನು ಸರ್ವೋಚ್ಚ ನ್ಯಾಯಾಲಯದ ಹನ್ನೊಂದು ಮಂದಿ ನ್ಯಾಯಮೂರ್ತಿಗಳು 2002ರಲ್ಲಿ ವಿವರಿಸಿದ ಮೊಕದ್ದಮೆ ನಮ್ಮ ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ್ದೇ. ಸರ್ಕಾರದ ಸಹಾಯಧನ ಪಡೆಯುವ ಅಲ್ಪಸಂಖ್ಯಾತ ಸಂಸ್ಥೆ ಇತರರನ್ನೂ ಸಮಂಜಸ ಪ್ರಮಾಣದಲ್ಲಿ ಸೇರಿಸಿಕೊಳ್ಳಬೇಕೆಂದು ಅಲ್ಲಿ ನಿರ್ಣಯವಾಯಿತು. ಸಹಾಯಧನವಿಲ್ಲದ ಸಂಸ್ಥೆಗಳಿಗೆ ಹೆಚ್ಚಿನ ಸ್ವಾತಂತ್ರ್ಯವಿದೆ. ಆದರೆ ಅವು ಕೂಡ ಕ್ಯಾಪಿಟೇಶನ್ ಹಣ ಕೀಳಬಾರದು, ವಿದ್ಯೆಯನ್ನು ಲಾಭದ ವ್ಯಾಪಾರ ಮಾಡಬಾರದು ಎಂದು 2005ರ ಇನಾಮದಾರ್ ವಿರುದ್ಧ ಮಹಾರಾಷ್ಟ್ರ ಮೊಕದ್ದಮೆಯಲ್ಲಿ ಸ್ಪಷ್ಟಪಡಿಸಲಾಯಿತು. ಹೀಗಿರಲು ರಸೀತಿ ಇಲ್ಲದೆ ಹಣ ಕೇಳುವವನು ಪಾದ್ರಿಯ ವೇಷದಲ್ಲಿರಲಿ, ಖಾದಿಯಲ್ಲಿರಲಿ, ಅವನಿಗೆ ಕೈ ಮುಗಿದು ಹಿಂತಿರುಗುವುದೇ ಲೇಸು.

2002ರ ಆ ತೀರ್ಪಿನಲ್ಲಿ ಇನ್ನೊಂದು ಮಾತಿದೆ. ನಮ್ಮವರು ಅದನ್ನು ಅಷ್ಟಾಗಿ ಗಮನಿಸಿದಂತಿಲ್ಲ. ಯಾರು ಅಲ್ಪಸಂಖ್ಯಾತರೆಂಬುದನ್ನು ಇಡೀ ದೇಶವನ್ನು ನೋಡಿ ಅಲ್ಲ, ಆಯಾ ರಾಜ್ಯವನ್ನು ನೋಡಿ ಗೊತ್ತುಮಾಡಬೇಕು ಎಂಬುದೇ ಆ ಮಾತು. ಅಂದಮೇಲೆ ಮಹಾರಾಷ್ಟ್ರದಲ್ಲಿ ಕ್ರೈಸ್ತರಿಗೆ ಧರ್ಮದಿಂದ ಯಾವ ಹಕ್ಕಿದೆಯೋ, ಕನ್ನಡಿಗರಿಗೆ ಭಾಷೆಯಿಂದ ಅದೇ ಹಕ್ಕಿದೆ. ಅವರು ಅದನ್ನು ಬಳಸಿಕೊಂಡರು. ಪುಣೆಯಲ್ಲಿಯೇ ಸ್ಪೈಸರ್ ಸಂಸ್ಥೆಯನ್ನು ನೋಡಿರಿ: 1915ರಲ್ಲಿ ಕೊಯಮತ್ತೂರಿನಲ್ಲಿ ಸಣ್ಣ ಶಾಲೆಯಾಗಿ ಹುಟ್ಟಿ, ಕೆಲಕಾಲ ಬೆಂಗಳೂರಿನಲ್ಲಿದ್ದು, 1942ರಲ್ಲಿ ಇಲ್ಲಿಗೆ ಬಂದು, 2014ರಲ್ಲಿ ವಿಶ್ವವಿದ್ಯಾನಿಲಯವಾಯಿತು. ಅದೂ ನಮ್ಮಂತೆಯೇ ವಲಸೆ ಬಂದದ್ದು.

ಔಷಧದ ಕ್ಷೇತ್ರದಲ್ಲಂತೂ ಕ್ರೈಸ್ತ ಸಂಸ್ಥೆಗಳ ನಡೆ ಮನನಮಾಡತಕ್ಕದ್ದು. ಫಿಲಿಪೈನ್ಸಿನ ಮನಿಲಾದಲ್ಲಿ ಸಾಂತೋ ತೋಮಸ್ ಎಂಬ ಕ್ಯಾಥೊಲಿಕ್ ವಿಶ್ವವಿದ್ಯಾನಿಲಯವು 1871ರಷ್ಟು ಹಿಂದೆಯೇ ಫಾರ್ಮಸಿ ಕಲಿಸತೊಡಗಿತು. ನಮ್ಮಲ್ಲಿ ವಿಶ್ವವಿದ್ಯಾನಿಲಯದ ಮಟ್ಟದಲ್ಲಿ ಈ ವಿದ್ಯೆಯನ್ನು 1932ರಲ್ಲಿ ಆರಂಭಿಸಿದ್ದು ಕಾಶಿಯ ಹಿಂದೂ ವಿಶ್ವವಿದ್ಯಾನಿಲಯ. ಮಹಾದೇವ ಲಾಲ್ ಶ್ರಾಫರ ಶ್ರಮ ಅದು. ಆದರೆ ವಿಶ್ವವಿದ್ಯಾನಿಲಯಕ್ಕೂ ಮೊದಲು ಬೇಕಾದುದು ಔಷಧ ಕೊಡುವ ಕೈ. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಜರ್ಮನ್ ಜೆಸ್ವಿಟ್ ಪಾದ್ರಿ ಆಗಸ್ಟಸ್ ಮುಲ್ಲರರು ಬಡವರಿಗೆ ಹೋಮಿಯೋಪಥಿ ಔಷಧ ಹಂಚತೊಡಗಿದರು. ಆ ಪದ್ಧತಿಯ ಗುಣಾವಗುಣಗಳ ಚರ್ಚೆ ಇಲ್ಲಿ ಬೇಡ. ಅದರ ಔಷಧಶಾಲೆಯೂ ಈ ಕಾಯಿದೆಯ ಫಾರ್ಮಸಿಯೂ ಬೇರೆ ಬೇರೆ. ನಾವು ನೋಡಬೇಕಾದುದು ಬೆಳವಣಿಗೆಯನ್ನು. ಔಷಧಾಲಯದ ಬೆನ್ನಿಗೆ 1890ರಲ್ಲಿ ಕುಷ್ಠರೋಗಿಗಳ ಆಶ್ರಯ ಬಂದಿತು, ಆಸ್ಪತ್ರೆ ಬಂದಿತು. ಮುಲ್ಲರರು 1910ರಲ್ಲಿ ತೀರಿಕೊಂಡ ಮೇಲೂ ಕೆಲಸ ನಿಲ್ಲಲಿಲ್ಲ. 1985ರಲ್ಲಿ ಹೋಮಿಯೋಪಥಿ ಕಾಲೇಜು, 1999ರಲ್ಲಿ ವೈದ್ಯಕೀಯ ಕಾಲೇಜು ಸ್ಥಾಪನೆಯಾದುವು. ಊರಿಗೆ ಹೋದಾಗ ಕಂಕನಾಡಿಯ ಆ ಆಸ್ಪತ್ರೆಯ ಮೆಟ್ಟಿಲು ಹತ್ತದ ದಕ್ಷಿಣ ಕನ್ನಡದ ಸಂಸಾರ ಎಷ್ಟಿದ್ದೀತು?

ನಮ್ಮವರ ಉಪಕಾರವಾದರೋ ಬೇರೆ ದಾರಿಯಲ್ಲಿ ಹರಿಯಿತು. ಹಗಲು ಬಟ್ಟಲು ತೊಳೆದು ರಾತ್ರಿ ಓದಿದ ಮಾಣಿಗಳು ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಿಂದ ಗುಮಾಸ್ತರಾದರು, ಬ್ಯಾಂಕಿಗೆ ಸೇರಿದರು, ವಕೀಲರೂ ಆದರು. ಆ ಶಾಲೆಗಳ ಋಣ ತೀರುವಂಥದಲ್ಲ. ಆದರೆ ಫಾರ್ಮಸಿಯ ಬಾಗಿಲಿಗೆ ರಾತ್ರಿ ಶಾಲೆಯ ಏಣಿ ಮುಟ್ಟುವುದಿಲ್ಲವೆಂಬುದನ್ನು ಹೇಳದೆ ವಿಧಿಯಿಲ್ಲ. ಡಿಪ್ಲೊಮಾಕ್ಕೆ ಸೇರಲು ಹನ್ನೆರಡನೆಯ ತರಗತಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರಗಳೊಡನೆ ಜೀವಶಾಸ್ತ್ರವನ್ನೋ ಗಣಿತವನ್ನೋ ಓದಿರಬೇಕು. ರಾತ್ರಿ ಓದಿದವರ ದಾರಿ ಬಹುಮಟ್ಟಿಗೆ ಕಲೆ, ವಾಣಿಜ್ಯಗಳ ಕಡೆಗೇ ಹೋಗುವುದು, ಏಕೆಂದರೆ ಪ್ರಯೋಗಶಾಲೆ ಖರ್ಚಿನ ಬಾಬ್ತು. ಸೇರಿದ ಮೇಲೆಯೂ ನೂರಕ್ಕೆ 75ರಷ್ಟು ಹಾಜರಿ ಕಡ್ಡಾಯ. ಅಂಚೆಯ ಮೂಲಕ ಓದುವಂತಿಲ್ಲ. ಹಗಲಿನ ದುಡಿಮೆಯನ್ನು ಬಿಡಲಾರದವನಿಗೆ ಬಾಗಿಲು ಮುಚ್ಚಿದೆ. ಆಸ್ಪತ್ರೆ ತುಂಬ ರೋಗಿಗಳಿರುವಾಗ ಈ ಕಟ್ಟುಪಾಡು ಸಡಿಲವಾಗಲೆಂದು ನಾವೂ ಕೇಳಲಾರೆವು. ಮದ್ದು ಕೊಡುವುದು ದೋಸೆ ಹುಯ್ಯುವಂತಲ್ಲ. ದೋಸೆ ಸೀದರೆ ಇನ್ನೊಂದು ಹುಯ್ಯಬಹುದು.

ಬದಲಾಗಬೇಕಾದುದು ನಮ್ಮ ದಾನದ ರೀತಿ. ವರ್ಷವರ್ಷವೂ ನಮ್ಮ ಸಂಘಗಳು ನೂರಾರು ಮಕ್ಕಳಿಗೆ ನೋಟುಪುಸ್ತಕ ಹಂಚಿ, ಹಾರ ಹಾಕಿ, ಚಿತ್ರ ತೆಗೆಸುತ್ತವೆ. ಅದೇ ಹಣದಲ್ಲಿ ಒಂದು ಭಾಗವನ್ನು ತೆಗೆದಿಟ್ಟು, ಹನ್ನೆರಡನೆಯ ತರಗತಿಯ ವಿಜ್ಞಾನದಲ್ಲಿ ತೇರ್ಗಡೆಯಾದ ಐದಾರು ಕಾರ್ಮಿಕರ ಮಕ್ಕಳಿಗೆ ಎರಡು ವರ್ಷದ ಶುಲ್ಕ, ಊಟ, ವಸತಿ ಮೂರನ್ನೂ ಪೂರ್ತಿಯಾಗಿ ಕೊಟ್ಟರೆ ಆರು ಸಂಸಾರಗಳು ನಿಂತುಕೊಳ್ಳುತ್ತವೆ. ಅರ್ಧ ಸಹಾಯದಿಂದ ಇಲ್ಲಿ ಪ್ರಯೋಜನವಿಲ್ಲ. ಮನೆಗೆ ಹಣ ಕಳುಹಿಸಬೇಕಾದ ಹುಡುಗ ಆರನೆಯ ತಿಂಗಳಿಗೇ ಕಾಲೇಜು ಬಿಟ್ಟು ಮತ್ತೆ ತಟ್ಟೆ ಹಿಡಿಯುತ್ತಾನೆ.

ಹಣವೆಲ್ಲಿ ಎನ್ನುವವರಿಗೆ ಉತ್ತರ ದೂರವಿಲ್ಲ. ಉಡುಪಿಯ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ತೆಗೆದಾಗ ದಿನಕ್ಕೆ ಎರಡಾಣೆಯನ್ನು ಮನೆಬಾಗಿಲಿಗೇ ಹೋಗಿ ಕೂಡಿಸಿತು. ಆ ಬ್ಯಾಂಕಿನ ಸ್ಥಾಪಕರಲ್ಲೊಬ್ಬರಾದ ಟಿ.ಎಂ.ಎ. ಪೈಗಳ ಮಣಿಪಾಲದಲ್ಲಿ 1953ರಲ್ಲಿ ವೈದ್ಯಕೀಯ ಕಾಲೇಜು, 1963ರಲ್ಲಿ ಫಾರ್ಮಸಿ ಕಾಲೇಜು ತೆರೆದುವು. ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದರೂ ಪಿಗ್ಮಿಯ ಹೆಸರು ನಮ್ಮ ಬಾಯಲ್ಲಿ ಉಳಿದಿದೆ. ಇನ್ನು ಮಗರಪಟ್ಟಾದ ರೈತರು? ಸುಮಾರು 120 ಕುಟುಂಬಗಳು ತಮ್ಮ 400ಕ್ಕೂ ಮಿಕ್ಕಿದ ಎಕರೆ ನೆಲವನ್ನು ಬಿಡಿಬಿಡಿಯಾಗಿ ದಲಾಲರಿಗೆ ಮಾರದೆ ಒಟ್ಟುಗೂಡಿಸಿ, ಕಂಪನಿ ಕಟ್ಟಿ, ನೆಲದ ಲೆಕ್ಕಕ್ಕೆ ಷೇರು ಪಡೆದು, ನಗರವನ್ನೇ ನಿರ್ಮಿಸಿದರು. ಅವರ ಕಚೇರಿಗಳಿಗೆ ಇಡ್ಲಿ ಒದಗಿಸುವ ನಾವು ಆ ಲೆಕ್ಕವನ್ನೂ ಸ್ವಲ್ಪ ಕಲಿಯಬಹುದಾಗಿತ್ತು.

ಕಾಲೇಜನ್ನೇ ಕಟ್ಟಬೇಕೆಂಬುದು ನಮ್ಮ ಹಟವಲ್ಲ. ಮೊದಲು ಮಕ್ಕಳನ್ನು ಕಳುಹಿಸೋಣ, ಮಂಜೂರಾತಿಯಿರುವ ಯಾವ ಕಾಲೇಜಿಗಾದರೂ ಸರಿ. ಕರ್ನಾಟಕದಲ್ಲಿ ಓದಿ ಅಲ್ಲಿ ನೋಂದಾಯಿಸಿಕೊಂಡವನು ಇಲ್ಲಿ ಕೆಲಸ ಹಿಡಿಯುವುದಾದರೆ ಮಹಾರಾಷ್ಟ್ರದ ಪರಿಷತ್ತಿನಲ್ಲಿ ಹೆಸರು ಸೇರಿಸಬೇಕೆಂಬುದನ್ನು ಮರೆಯಬಾರದು. ಸಂಘಗಳ ಮುಂದಿನ ಮಹಾಸಭೆಗೆ ಹೋಗುವ ಸದಸ್ಯರು ಆಯವ್ಯಯದ ಪಟ್ಟಿ ಓದುವಾಗ ಎದ್ದು ನಿಂತು, ಸನ್ಮಾನಕ್ಕೆ ಖರ್ಚಾದುದೆಷ್ಟು, ಪೂರ್ತಿ ವಿದ್ಯಾರ್ಥಿವೇತನಕ್ಕೆ ಹೋದುದೆಷ್ಟು ಎಂದು ಕೇಳಲಿ. ಬಂದ ಉತ್ತರವನ್ನು ನಮಗೆ ಬರೆದು ಕಳುಹಿಸಿದರೆ ಈ ಅಂಕಣದಲ್ಲಿ ಪ್ರಕಟಿಸುವೆವು.